ನೈದಿಲೆ ಎಲೆಯ ಕಳ್ಳ

ಈ ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಆರೂವರೆಗೆ, ಕಲಘಟಗಿಯ ನಮ್ಮ ಮನೆಯ ಹಿತ್ತಲಿನಲ್ಲಿ ಮೂರು ನೈದಿಲೆ ಎಲೆಗಳು ಅಂಚು ಕತ್ತರಿಸಿದ ಸ್ಥಿತಿಯಲ್ಲಿ ಕಂಡುಬಂದವು. ಮೊದಲು ಕಂಡವಳು ನನ್ನ ಹೆಂಡತಿ ಗಿರಿಜಾ. ಕೃತ್ಯ ಎಸಗಿದವರು ಯಾರೆಂದು ತಿಳಿದುಬಂದಿಲ್ಲ ಎಂದು ನಾನಾಗಿದ್ದರೆ ಬರೆಯುತ್ತಿದ್ದೆ. ಅವಳು ಬರೆಯುವವಳಲ್ಲ; ಅವಳಿಗೆ ತಿಳಿದುಬಂದಿತ್ತು.

“ಏನ್ರಿ, ಪೇಪರ ಕತ್ತರಿಸಿ ಸಾಕಾಗಿ ಈಗ ಎಲಿಗೆ ಕೈ ಹಾಕೀರಿ?” ಎಂದಳು.

ಸಂಶಯಕ್ಕೆ ಆಧಾರವಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ನಾನು ಈ ತಾಲ್ಲೂಕಿನ ಪತ್ರಿಕಾ ವರದಿಗಾರ. ನನ್ನ ಸುದ್ದಿ ಅಚ್ಚಾದ ದಿನ ಅದನ್ನು ಕತ್ತರಿಸಿ, ರಿಜಿಸ್ಟರಿನಲ್ಲಿ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆಯುವುದು ನನ್ನ ಅಭ್ಯಾಸ. ಕುಡಿಯುವ ನೀರಿನ ಸಭೆ, ಬಸ್ಸಿನ ವೇಳೆ ಬದಲಾವಣೆ, ಯಾವುದನ್ನೂ ಬಿಟ್ಟಿಲ್ಲ. ಒಮ್ಮೆ ಆತುರದಲ್ಲಿ ಪೇಪರಿನ ಕೆಳಗೆ ಹಾಸಿದ್ದ ಗಿರಿಜಾಳ ಹೊಸ ಕುಪ್ಪಸದ ಬಟ್ಟೆಯನ್ನೂ ಎರಡು ಕಾಲಂ ಅಗಲಕ್ಕೆ ಕತ್ತರಿಸಿದ್ದೆ. ಹೀಗಾಗಿ ಮನೆಯಲ್ಲಿ ಏನು ಹರಿದರೂ, ಚಪ್ಪಲಿಯ ಬಾರು ಕಿತ್ತರೂ, ಮೊದಲು ನನ್ನ ಕತ್ತರಿಯ ವಿಚಾರಣೆ ಆಗುತ್ತದೆ. ಇನ್ನು ಆ ನೈದಿಲೆಯೂ ಸಾಮಾನ್ಯದ್ದಲ್ಲ. ತವರೂರು ಮಿಶ್ರಿಕೋಟಿಯ ಕೆರೆಯಿಂದ ಅದರ ಗಡ್ಡೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದವಳು ಅವಳು. ಹಿಂದೆ ದನ ನೀರು ಕುಡಿಯುತ್ತಿದ್ದ ಕಲ್ಲಿನ ಬಾನಿಯಲ್ಲಿ ಅದನ್ನು ನೆಟ್ಟು, ಶ್ರಾವಣದ ಕೊನೆಯ ಸೋಮವಾರ ಇದರ ಮೊದಲ ಹೂವನ್ನು ಶಿವನಿಗೆ ಏರಿಸುತ್ತೇನೆಂದು ಮೂವರು ಅಕ್ಕಂದಿರಿಗೂ ಫೋನ್ ಮಾಡಿ ಹೇಳಿದ್ದಳು. ಹೂ ಬರದಿದ್ದರೆ ಯಾರ ಹೆಸರು ಕೆಡುತ್ತದೆ ಎಂಬುದು ಅಂದು ಬೆಳಿಗ್ಗೆಯೇ ತೀರ್ಮಾನವಾಗಿತ್ತು.

ನಾನು ಸ್ಥಳ ಪರಿಶೀಲನೆಗೆ ಇಳಿದೆ. ಎಲೆಯ ಅಂಚಿನಲ್ಲಿ ಹುಣಸೆ ಬೀಜದಷ್ಟು ದೊಡ್ಡ, ಅಗದಿ ನಯವಾದ ಕೊರೆತ. ನಿಜ ಹೇಳಬೇಕೆಂದರೆ ನನಗಿಂತ ಚೆನ್ನಾಗಿ ಕತ್ತರಿಸಿದ್ದರು. ಕಾಣೆಯಾದ ತುಂಡುಗಳು ಅಲ್ಲೇ ನೀರಿನ ಮೇಲೆ ತೇಲುತ್ತಿದ್ದವು. ಒಂದನ್ನು ಎತ್ತಿ ನೋಡಿದರೆ ಎರಡು ತುಂಡುಗಳನ್ನು ರೇಷ್ಮೆ ಎಳೆಯಿಂದ ಜೋಡಿಸಿ ಹೊಲಿದ ಹಾಗಿತ್ತು, ಹೋಳಿಗೆಯಂತೆ. ನಡುವೆ ಹೂರಣದ ಜಾಗದಲ್ಲಿ ಒಂದು ಹುಳ. ನೀರಿನಲ್ಲಿ ಮನೆ ಮಾಡಿಕೊಂಡಿದ್ದರೂ ಅದರ ಮೈ ಒದ್ದೆಯಾಗಿರಲಿಲ್ಲ. ಆರೋಪಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಅಡುಗೆಮನೆಗೆ ಓಡಿದೆ.

“ಹೆಸರೇನು ಇದರದು?” ಎಂದು ಕೇಳಿದಳು ಗಿರಿಜಾ.

“ಹುಳ.”

“ಹುಳ ಅನ್ನೂದು ಹೆಸರೇನ್ರಿ? ಹೆಸರಿಲ್ಲದ್ದು ಸುದ್ದಿ ಅಲ್ಲ ಅಂತ ದಿನಾ ನೀವ ಹೇಳ್ತೀರಿ. ಕೈಗೆ ಸಿಕ್ಕವರನ್ನ ಹಿಡಕೊಂಡು ಬಂದು ಇವನ ಕಳ್ಳ ಅಂದ್ರ ಆತೇನು? ಹೆಸರ ತರ್ರಿ, ಆಮ್ಯಾಲೆ ನೋಡೂಣು.”

ಧಾರವಾಡದಲ್ಲಿ ಕೀಟಶಾಸ್ತ್ರ ಕಲಿಸಿ ನಿವೃತ್ತರಾದ ದೇಸಾಯಿ ಸರ್ ನನಗೆ ಪರಿಚಿತರು. ಫೋನ್ ಮಾಡಿದೆ. ಇದು ಪತಂಗದ ಮರಿ, ನೀರಿನಲ್ಲೇ ಬೆಳೆದು ನೀರಿನ ಗಿಡ ತಿನ್ನುವ ಜಾತಿಗಳು ಹಲವಿವೆ, ರೆಕ್ಕೆ ಬಂದ ಮೇಲೆ ಕೆಡಿಸದೆ ತಂದು ತೋರಿಸಿರಿ ಎಂದರು. ಹುಳವನ್ನು ನೀರು, ಎಲೆ ಸಮೇತ ಉಪ್ಪಿನಕಾಯಿ ಭರಣಿಗೆ ಹಾಕಿ, ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದೆ. ಹನ್ನೊಂದನೇ ದಿನ ಪತಂಗ ಹೊರಬಂತು. ಕಿರುಬೆರಳಿನ ಉಗುರಿನಷ್ಟು ಉದ್ದ, ಬಿಳಿ ರೆಕ್ಕೆ, ಅದರ ಮೇಲೆ ಚಹಾ ಚೆಲ್ಲಿ ಒರೆಸಿದಂಥ ಕಂದು ಗೆರೆಗಳು. ಇಷ್ಟನ್ನು ಬರೆದುಕೊಂಡೆ. ಆಮೇಲೆ ಬರೆಯದೆ ಇದ್ದದ್ದೆಂದರೆ, ಇದು ಜಗತ್ತಿಗೇ ಹೊಸ ಜಾತಿಯಾಗಿದ್ದು ಅದಕ್ಕೆ ನನ್ನ ಹೆಸರನ್ನೇ ಇಡಬಹುದು ಎಂಬ ಆಸೆ. ಬರೆಯಲಿಲ್ಲ ನಿಜ, ಬಸ್ ನಿಲ್ದಾಣದ ಚಹಾದಂಗಡಿಯ ಮಲ್ಲಪ್ಪನ ಮುಂದೆ ಹೇಳಿದೆ.

“ಇಡಲಿ ಬಿಡ್ರಿ,” ಎಂದ ಮಲ್ಲಪ್ಪ. “ನಿಮ್ಮ ಹೆಸರ ಇಟ್ಟ ಮ್ಯಾಲೆ ಅದಕ್ಕೂ ಮನ್ಯಾಗ ಬೈಗುಳ ಶುರು ಆಕ್ಕಾವು.”

ಮರುದಿನ ಪತಂಗ ಭರಣಿಯಲ್ಲಿ ಸತ್ತುಬಿದ್ದಿತ್ತು. ಸಾಕ್ಷ್ಯ ಕಾಪಾಡುವುದರಲ್ಲಿ ನನಗಿರುವ ಅನುಭವ ತಾಲ್ಲೂಕಿನಲ್ಲಿ ಬೇರೆಯವರಿಗಿಲ್ಲ. ರಿಜಿಸ್ಟರ್ ತೆಗೆದು, ಹೊಸ ಪುಟದ ನಡುವೆ ಧಾರಾಳವಾಗಿ ಅಂಟು ಸವರಿ, ಪತಂಗವನ್ನು ಇಟ್ಟು, ಸುಕ್ಕು ಉಳಿಯದಂತೆ ಹೆಬ್ಬೆರಳಿನಿಂದ ಒತ್ತಿ, ಪಕ್ಕದಲ್ಲಿ ದಿನಾಂಕ ಬರೆದೆ. ಧಾರವಾಡದ ಬಸ್ಸಿನಲ್ಲಿ ಅದನ್ನು ಎದೆಗೆ ಒತ್ತಿಕೊಂಡೇ ಕುಳಿತಿದ್ದೆ.

ದೇಸಾಯಿ ಸರ್ ಪುಟ ತೆರೆದು, ಭೂತಕನ್ನಡಿ ಹಿಡಿದು, ಪುಟವನ್ನು ಬೆಳಕಿನ ಕಡೆಗೆ ತಿರುಗಿಸಿದರು.

“ಅಂಟು ಹಚ್ಚೀರೇನು?”

“ಹೌದ್ರಿ ಸರ್. ದಿನಾಂಕನೂ ಬರದೀನಿ.”

“ದಿನಾಂಕ ಅಗದಿ ಛಲೋ ಬರದೀರಿ. ಪತಂಗ ಎಲ್ಲೈತಿ?”

ರೆಕ್ಕೆಯ ಮೇಲಿನ ಬಣ್ಣ ಪುಡಿಯಂಥ ಹುರುಪೆಗಳಲ್ಲಿ ಇರುತ್ತದಂತೆ. ಅದು ನನ್ನ ಹೆಬ್ಬೆರಳಿಗೆ ಬಂದಿತ್ತು. ಹತ್ತಿರದ ಸೋದರ ಜಾತಿಗಳನ್ನು ಬೇರ್ಪಡಿಸಬೇಕಾದರೆ ಹೊಟ್ಟೆಯ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಂತೆ. ಅದು ಅಂಟಿನಲ್ಲಿ ಕರಗಿ ಪುಟದ ಹಿಂಬದಿಗೆ ಇಳಿದಿತ್ತು. ಕುಲದ ತನಕ ಹೇಳಬಹುದು, ಜಾತಿ ಹೇಳಲಾಗದು, ಇನ್ನೊಂದನ್ನು ತಂದರೆ ನೋಡೋಣ ಎಂದರು. ಹೊಸ ಜಾತಿಯೇನಾದರೂ ಇರಬಹುದೇ ಎಂದು ಮೆಲ್ಲಗೆ ಕೇಳಿದೆ. ಚಹಾ ಕುಡಿದು ಹೋಗ್ರಿ ಎಂದರು.

ಮನೆಗೆ ಬಂದು ವರದಿ ಒಪ್ಪಿಸಿದೆ. “ಅಂದ್ರ ಮನೆತನ ಗೊತ್ತಾತು, ಆರೋಪಿ ಗೊತ್ತಾಗಲಿಲ್ಲ,” ಎಂದಳು ಗಿರಿಜಾ. “ಅಲ್ಲೀತನಕ ನೀವ.” ನಾನು ಧಾರವಾಡದಲ್ಲಿದ್ದಾಗ ಅವಳು ಬಾನಿಯಲ್ಲಿ ತೇಲುತ್ತಿದ್ದ ತುಂಡುಗಳನ್ನೆಲ್ಲ ಆರಿಸಿ ಕೋಳಿಗಳಿಗೆ ಹಾಕಿದ್ದಳು. ನನ್ನನ್ನು ದೋಷಮುಕ್ತನನ್ನಾಗಿ ಮಾಡಬಹುದಾಗಿದ್ದ ಸಾಕ್ಷಿಗಳನ್ನು ಕೋಳಿಗಳು ಪೂರ್ತಿ ತಿಂದಿದ್ದವು. ಬಾನಿಯ ಮೂಲೆಯಲ್ಲಿ, ಪಾಚಿಯ ಹಿಂದೆ, ಹುಳವಿದ್ದ ತುಂಡು ಒಂದೇ ಒಂದು ಉಳಿದಿತ್ತು. ಅದನ್ನು ಭರಣಿಗೆ ಹಾಕಿ, ಕಪಾಟಿನಲ್ಲಿ ರಿಜಿಸ್ಟರುಗಳ ಹಿಂದೆ ಇಟ್ಟೆ. ಹುಳ ಇನ್ನೂ ಎಳೆಯದು. ಬಾಡಿದ ಎಲೆಯನ್ನು ಮುಟ್ಟುವುದಿಲ್ಲ. ದಿನಕ್ಕೊಂದು ಹಸಿ ತುಂಡು ಬೇಕು.

ನೈದಿಲೆಯ ಮೊಗ್ಗು ನೀರಿನಿಂದ ಎರಡು ಬೆರಳು ಮೇಲೆ ಬಂದಿದೆ. ಕೊನೆಯ ಸೋಮವಾರಕ್ಕೆ ಇನ್ನು ನಾಲ್ಕು ದಿನ. ಇಂದು ಬೆಳಿಗ್ಗೆ ಆರು ಗಂಟೆಗೆ ಮತ್ತೊಂದು ಎಲೆ ಅಂಚು ಕತ್ತರಿಸಿದ ಸ್ಥಿತಿಯಲ್ಲಿದೆ. ಗಿರಿಜಾ ಇನ್ನೂ ಹಿತ್ತಲಿಗೆ ಬಂದಿಲ್ಲ. ಕತ್ತರಿಯನ್ನು ಒರೆಸಿ ಮೊಳೆಗೆ ತೂಗುಹಾಕಲಾಗಿದೆ.