ಅವ್ವನ ರಾಜಗಿರಿಗೆ ಎಷ್ಟು ಬೆಳಕು ಬೇಕು?

ಮಣ್ಣಿನೊಳಗೆ ಬೆಳಕು ಎಷ್ಟು ಆಳ ಇಳಿಯುತ್ತದೆ ಎಂದು ಅಳೆಯುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ!

ಧಾರವಾಡದ ಹಿತ್ತಲಲ್ಲಿ ಅವ್ವ ಬೆಳೆಯುತ್ತಿದ್ದ ಕೆಂಪು ರಾಜಗಿರಿ ಸೊಪ್ಪಿನ ಬೀಜ ಒಂದಿಷ್ಟು ನನ್ನ ಬಳಿ ಉಳಿದಿತ್ತು. ಅವ್ವ ಈಗಿಲ್ಲ. ಹಿತ್ತಲೂ ಇಲ್ಲ. ಈಗ ನಾವಿರುವ ಹಡಪಸರದ ಮನೆಯ ಬಾಲ್ಕನಿಯ ಕುಂಡದಲ್ಲಿ ಅರ್ಧ ಬೀಜ ಆಳವಾಗಿ ಹುಗಿದೆ. ಒಂದೂ ಏಳಲಿಲ್ಲ. ಸಣ್ಣ ಬೀಜ ಮೊಳೆಯಲು ಬೆಳಕು ಬೇಕೆಂದು ಎಲ್ಲೋ ಓದಿದ ಮೇಲೆ, ಉಳಿದದ್ದನ್ನು ಶಾಸ್ತ್ರೋಕ್ತವಾಗಿ ಬಿತ್ತಲು ನಿರ್ಧರಿಸಿದೆ.

"ಮ್ಯಾಲ ಚೆಲ್ಲಿ ನೀರು ಚಿಮಕಿಸಿದ್ರ ಆತಲ್ರಿ," ಎಂದಳು ಹೆಂಡತಿ ಸುಧಾ. "ಅತ್ತಿಯವರು ಹಂಗ ಮಾಡ್ತಿದ್ರು."

"ಅಂದಾಜು ಬ್ಯಾರೆ, ಅಳತಿ ಬ್ಯಾರೆ!" ಎಂದೆ.

ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು, ಮೊಬೈಲನ್ನು ಬಿಸಿಲಿಗೆ ಬಾಲ್ಕನಿ ಕಟ್ಟೆಯ ಮೇಲೆ ಮಲಗಿಸಿ, ಅದರ ಬೆಳಕು ಗ್ರಹಿಸುವ ತುದಿಯ ಮೇಲಷ್ಟೇ ಗಾಜಿನ ಬೋಗುಣಿ ಇಟ್ಟೆ. ಬೀಜದ ಪುಟ್ಟ ವಾಟಿಯನ್ನೂ ಪಕ್ಕದಲ್ಲೇ ಇಟ್ಟುಕೊಂಡೆ. ಮೊದಲು ಅಭ್ಯಾಸಕ್ಕೆಂದು ಸಕ್ಕರೆ ಸುರಿದೆ. ಬೆಳಕು ಧಾರಾಳವಾಗಿ ಇಳಿಯಿತು. ಅದನ್ನು ತಾಟಿಗೆ ಸುರಿದು ರವೆ ಹಾಕಿದೆ. ತಿಣುಕಿತು. ಕೊನೆಗೆ ಅದನ್ನೂ ತಾಟಿಗೆ ಸುರಿದು ಕುಂಡದ ಎರೆಮಣ್ಣನ್ನು ತೆಳ್ಳಗೆ ಹರಡಿದೆ. ಆ್ಯಪ್ ಸೊನ್ನೆ ತೋರಿಸಿತು! ಅಂದರೆ ಬೀಜ ಮಣ್ಣಿನ ಮೇಲೆಯೇ ಇರಬೇಕು.

"ಸುಧಾ, ಸಿಕ್ತು!" ಎಂದು ಕೂಗಿದೆ.

"ಚಹಾಕ್ಕ ಸಕ್ರಿ ಇಲ್ಲ, ಉಪ್ಪಿಟ್ಟಿಗೆ ರವಾ ಇಲ್ಲ. ನಿಮಗೇನು ಸಿಕ್ತ್ರಿ?"

ಅಷ್ಟರಲ್ಲಿ ಧಾರವಾಡದಿಂದ ಅಕ್ಕನ ಫೋನ್ ಬಂತು. ಮೊಬೈಲ್ ನಡುಗಿತು, ಅದರ ಮೇಲಿನ ಬೋಗುಣಿಯೂ ನಡುಗಿತು. ಹಿಡಿಯಲು ಹೋದೆ. ಮೊಣಕೈ ತಾಗಿ ಸಕ್ಕರೆ, ರವೆ, ಬೀಜದ ವಾಟಿ ಎಲ್ಲ ಮಗುಚಿ ಅರ್ಧ ನಮ್ಮ ಕುಂಡಕ್ಕೆ, ಅರ್ಧ ಕೆಳಗಿನ ಮನೆಯ ಬಾಲ್ಕನಿಗೆ!

"ಅಹೋ! ವರೂನ್ ಕಾಯ್ ಪಡ್ತಂಯ್?" ಮೇಲಿಂದ ಏನು ಬೀಳುತ್ತಿದೆಯೆಂದು ಕೆಳಗಿನ ಮನೆಯ ಮರಾಠಿ ಹೆಂಗಸು, ನಾವು ಕಾಕು ಎನ್ನುವವರು, ಕೂಗಿದರು.

ವಿಜ್ಞಾನ ಬೀಳುತ್ತಿದೆ ಎನ್ನಲು ಧೈರ್ಯ ಬರಲಿಲ್ಲ. "ಸಾಖರ್, ಕಾಕು!" ಎಂದೆ.

ನಮ್ಮ ಕುಂಡಕ್ಕೆ ಇರುವೆಗಳು ದಿಬ್ಬಣ ಕಟ್ಟಿಕೊಂಡು ಬಂದವು. ಸಕ್ಕರೆಯ ಜೊತೆ ಬೀಜವನ್ನೂ ಹೊತ್ತೊಯ್ದವು. ಅಂದು ನನಗೆ ಊಟ ಸೇರಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂತು ರಾಜಗಿರಿ ಸೋಸುತ್ತಿದ್ದ ಅವ್ವ, ಆಕೆಯ ಕೆಂಪಾದ ಬೆರಳ ತುದಿಗಳು, ಅವೇ ಕಣ್ಣ ಮುಂದೆ.

ಕೆಲವು ವಾರಗಳ ನಂತರ ಕಾಕು ಕೆಂಪು ಸೊಪ್ಪಿನ ಕಟ್ಟು ಹಿಡಿದು ಬಂದರು. ಅವರ ಪುದೀನ ಕುಂಡದಲ್ಲಿ ತಾನಾಗಿಯೇ ಎದ್ದಿತ್ತಂತೆ! ಸುಧಾ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಿದಳು. ಬಿಸಿ ರೊಟ್ಟಿಯ ಜೊತೆ ಮೊದಲ ತುತ್ತು ಬಾಯಿಗಿಟ್ಟೆ. ಅವ್ವನದೇ ರುಚಿ. ಸುಧಾ ಇನ್ನಷ್ಟು ಬಡಿಸಿದಳು.

ಮರುದಿನ ಕಾಕುವಿಗೆ ನಡೆದದ್ದನ್ನೆಲ್ಲ ಹೇಳಿ, ನಾಲ್ಕು ಗಿಡ ಬೀಜಕ್ಕೆ ಬಿಡಿರೆಂದು ಬೇಡಿಕೊಂಡೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೀಜ ಖಂಡಿತ ಕೊಡುತ್ತಾರಂತೆ, ಆದರೆ ನನಗಲ್ಲ, ಸುಧಾಳ ಕೈಗೆ.

"ತುಮ್ಹಾಲಾ ನಾಹೀ!"