ಗುಡಾಣದಲ್ಲಿಟ್ಟ ಸೇಬು

ನಮ್ಮ ದೊಡ್ಡಪ್ಪನಿಗೆ ಹಣ್ಣು ತಿನ್ನಲು ಬರುತ್ತಿರಲಿಲ್ಲ. ಹಲ್ಲು ಗಟ್ಟಿಯಾಗಿದ್ದವು, ಜೀರ್ಣಶಕ್ತಿಯೂ ಘನವಾಗಿತ್ತು. ಆದರೆ ಹಣ್ಣು ಕಂಡ ಕೂಡಲೇ ವಿಚಾರಣೆ ಶುರು ಮಾಡುತ್ತಿದ್ದರು. ಶಿಕ್ಷೆಯಾಗದೆ ಬಿಡುಗಡೆಯಾದ ಹಣ್ಣನ್ನು ನಾನಂತೂ ಕಂಡಿಲ್ಲ!

ನೌಕರಿಯಲ್ಲಿದ್ದಾಗ ಅವರು ವರ್ಷವರ್ಷವೂ ಹಣ್ಣಿನ ಪ್ರದರ್ಶನದಲ್ಲಿ ಅಂಕ ಬರೆದುಕೊಳ್ಳುವ ಗುಮಾಸ್ತರು. ತೀರ್ಪುಗಾರರು ಸೇಬು ಕಚ್ಚಿ ಹೇಳುವರು, ಇವರು ಬರೆಯುವರು: ಬಣ್ಣಕ್ಕಿಷ್ಟು, ಪರಿಮಳಕ್ಕಿಷ್ಟು, ತಿರುಳಿನ ಬಿಗಿಗಿಷ್ಟು, ಬಾಳಿಕೆಗಿಷ್ಟು. ನಿವೃತ್ತರಾದ ಮಾರನೆಯ ದಿನವೇ ತಮಗೆ ತಾವೇ ಬಡ್ತಿ ಕೊಟ್ಟುಕೊಂಡು ತೀರ್ಪುಗಾರರಾದರು.

ದೇವರಾಜ ಮಾರುಕಟ್ಟೆಯಲ್ಲಿ ಸೇಬನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಬೀಜ ಗಲಗಲ ಎನ್ನುತ್ತದೆಯೇ ಎಂದು ಕೇಳುವರು. ಬೆರಳ ಗೆಣ್ಣಿನಿಂದ ತಟ್ಟುವರು. ತೊಟ್ಟಿನ ಕುಳಿಗೆ ಮೂಗಿಡುವರು. ಅಂಗಡಿಯ ಸಾಬರು ಒಮ್ಮೆ ತಡೆಯಲಾರದೆ, "ಸ್ವಾಮಿ, ನಾಡಿ ನೋಡಿದ್ದಾಯ್ತಲ್ಲ, ಉಳೀತದಾ?" ಅಂದರು.

"ಉಳಿಯೋದಿಲ್ಲ" ಎಂದು ದೊಡ್ಡಪ್ಪ ಗಂಭೀರವಾಗಿ ಕೆಳಗಿಟ್ಟರು.

ಕಾಶ್ಮೀರದ ಕೆಂಪು ಸೇಬು ಅವರ ಪ್ರಕಾರ ಬರೀ ಪೌಡರು ಬಳಿದ ಮುಖ. ಹಣ್ಣೆಂದರೆ ಬೆಂಗಳೂರಿನ ಹಳೆಯ ತಳಿ: ಮೋಟು, ಹಸಿರು, ಕಲ್ಲಿನಷ್ಟು ಗಟ್ಟಿ. ಕಚ್ಚಿದರೆ ಹುಳಿಗೆ ಕಣ್ಣು ಮುಚ್ಚಬೇಕು! ಅದನ್ನು ಅಕ್ಕಿಯ ಗುಡಾಣದಲ್ಲಿ ಹೂತಿಟ್ಟು ತಿಂಗಳು ಕಾದರೆ ಹುಳಿ ಇಳಿದು ಪರಿಮಳ ಏರುತ್ತದಂತೆ. ಅಗ್ರಹಾರದ ಅವರ ಮನೆಯ ಅನ್ನವೆಲ್ಲ ಸೇಬಿನ ವಾಸನೆ ಹೊಡೆಯುತ್ತಿತ್ತು. ಸೇಬು ಮಾತ್ರ ಯಾರಿಗೂ ಸಿಕ್ಕುತ್ತಿರಲಿಲ್ಲ.

ಆಮೇಲೆ ದೊಡ್ಡಮ್ಮ ಹಾಸಿಗೆ ಹಿಡಿದರು. ಡಾಕ್ಟರು ಒಂದು ದಿನ, ಇನ್ನು ಪಥ್ಯವೇನೂ ಬೇಡ, ಕೇಳಿದ್ದು ಕೊಡಿ ಅಂದರು. ಅದರ ಅರ್ಥ ದೊಡ್ಡಪ್ಪನೊಬ್ಬರನ್ನು ಬಿಟ್ಟು ಎಲ್ಲರಿಗೂ ಆಯಿತು. ದೊಡ್ಡಮ್ಮ ಕೇಳಿದ್ದು ಸೇಬು.

ನೋಡಲು ಬಂದವರು ಕೆಂಪು ಸೇಬು ತಂದರು. ದೊಡ್ಡಪ್ಪ ಎಲ್ಲವನ್ನೂ ತಟ್ಟಿ, ಮೂಸಿ, ನಪಾಸು ಮಾಡಿ, ಹೆಚ್ಚಿ, ಕಾಫಿಯ ಜೊತೆ ತಂದವರಿಗೇ ತಿನ್ನಿಸಿ ಕಳಿಸಿದರು. ಗುಡಾಣದಲ್ಲಿ ಆರು ಹಣ್ಣು ಇಟ್ಟಿದ್ದರು. ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ಮೂಸಿ, ಇನ್ನೂ ಎಂಟು ದಿನ ಅನ್ನುವರು. ಮರುದಿನವೂ ಅದೇ ಎಂಟು ದಿನ.

ನನಗೆ ತಡೆಯಲಾಗಲಿಲ್ಲ. ಕೋಟಿನ ಜೇಬಿನಲ್ಲಿ ಒಂದು ಕೆಂಪು ಸೇಬು ಕದ್ದುಮುಚ್ಚಿ ತಂದೆ. ದೊಡ್ಡಮ್ಮ ಅದನ್ನು ಮೂಸಿ ನೋಡಿ ವಾಪಸ್ಸು ನನ್ನ ಕೈಗಿಟ್ಟರು.

"ಬೇಡ ಕಣೋ. ಅವ್ರ ಕೈಯಿಂದ್ಲೇ ಆಗ್ಲಿ. ಅವ್ರ ಎಂಟು ದಿನ ಮುಗಿಯೋವರ್ಗೂ ನಾನಿದ್ರೆ ಸರಿ."

ಕೊನೆಗೊಂದು ಬೆಳಿಗ್ಗೆ ದೊಡ್ಡಪ್ಪ ಹಣ್ಣು ತೆಗೆದರು. ಸಿಪ್ಪೆ ಹೆರೆದು, ಹೋಳು ಮಾಡಿ, ದೊಡ್ಡಮ್ಮನ ಬಾಯಿಗಿಟ್ಟರು. ಅವರು ಬಹಳ ಹೊತ್ತು ಅಗಿದು ನುಂಗಿದರು.

"ಚೆನ್ನಾಗಿದೆ ಕಣ್ರೀ."

ದೊಡ್ಡಪ್ಪ ಒಂದು ಹೋಳು ಬಾಯಿಗೆ ಹಾಕಿಕೊಂಡರು. ನನಗೂ ಒಂದು ಕೊಟ್ಟರು. ನಾಲಿಗೆಯ ಮೇಲೆ ಹಸಿ ಹಿಟ್ಟಿಟ್ಟಂತಾಯಿತು. ಹುಳಿಯಿಲ್ಲ, ಸಿಹಿಯಿಲ್ಲ. ಪರಿಮಳ ಯಾವಾಗಲೋ ಬಂದು ಹೋಗಿತ್ತು. ಆ ವಯಸ್ಸಾದ ಮೂಗಿಗೆ ತಿಳಿದೇ ಇರಲಿಲ್ಲ. ನಾನು ತೀರ್ಪಿಗೆ ಕಾದೆ.

"ಮುಂಚೇನೇ ಕೊಡ್ಬೇಕಿತ್ತು ಕಣೇ" ಅಂದರು ದೊಡ್ಡಪ್ಪ. ಅವರು ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಸುಮ್ನೆ ಇನ್ನೊಂದು ಹೋಳು ಕೊಡಿ" ಎಂದು ದೊಡ್ಡಮ್ಮ ಬಾಯಿ ತೆರೆದು ಕಾದರು.