ಹಳೇ ಸರ್ವರ್‌ಗೆ ಏಳು ಪೊಟ್ಟಣ

ಬೆಳಗ್ಗೆ ಒಂಬತ್ತಕ್ಕೆ ಪರದೆಯ ಮೇಲೆ ಮೂಡಿದ ಅಂಕಿ ಹದಿನೆಂಟು. ಕನಿಷ್ಠ ನಲವತ್ತು ಬರಬೇಕಿತ್ತು. ಹೊಸ ತಲೆಮಾರಿನ ಪ್ರೊಸೆಸರ್ ಇರುವ ಸರ್ವರ್ ಹಳೆಯದಕ್ಕಿಂತ ಶೇಕಡಾ ಎಷ್ಟು ಹೆಚ್ಚು ದುಡಿಯುತ್ತದೆ ಎಂದು ಅಳೆಯುವುದು ವೆನ್‌ಯೋನ ಉದ್ಯೋಗ. ಆ ಅಳತೆ ನೋಡಲು ತೈಚುಂಗ್‌ನ ವಿಮಾ ಕಂಪನಿಯ ಕಾನ್ ಮೇಡಂ ಮಧ್ಯಾಹ್ನ ಮೂರಕ್ಕೆ ಬರುವವರಿದ್ದರು.

ಲಿಂಕೌ ಪಟ್ಟಣದ ಸರ್ವರ್ ಕಂಪನಿಯ ಆ ಪರೀಕ್ಷಾ ಕೋಣೆಯಲ್ಲಿ ನೂರು ಸರ್ವರ್‌ಗಳ ಫ್ಯಾನುಗಳ ನಡುವೆ ಒಂಬತ್ತು ವರ್ಷ ಕಳೆದ ವೆನ್‌ಯೋ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದ. ಸೋಯಾ ಸಾಸ್ ಕೊಡು ಎಂದರೂ ಎದುರುಮನೆಯವರು ಏನಾಯಿತೆಂದು ಕಿಟಕಿಗೆ ಬರುತ್ತಿದ್ದರು. ಮೇಡಂ ಹೊಸ ಸರ್ವರ್‌ಗಳಿಗೆ ಆರ್ಡರ್ ಕೊಟ್ಟರೆ ನಾಲ್ಕನೇ ಮಹಡಿಯ ಸದ್ದಿಲ್ಲದ ಕಚೇರಿಗೆ ವರ್ಗ ಎಂದು ಮ್ಯಾನೇಜರ್ ಖೋ ಮಾತು ಕೊಟ್ಟಿದ್ದರು. ಅವನ ಹೆಂಡತಿ ಪೈಜೂ ಆ ದಿನಕ್ಕಾಗಿ ಬೆರಳು ಮಡಿಸಿ ಎಣಿಸುತ್ತಾ ಕಾಯುತ್ತಿದ್ದಳು.

ಉಗ್ರಾಣದ ಲಿಹ್ವಾ ಅಕ್ಕ ಅವನ ಸಪ್ಪೆ ಮುಖ ನೋಡಿ ಹತ್ತಿರ ಬಂದಳು.

"ಹೊಸದರ ತಲೆ ಮೇಲೆ ಪೊಟ್ಟಣ ಇಟ್ಟಿದ್ದೀಯ. ಹಳೇದಕ್ಕೆ?"

"ಅದಕ್ಕೇನೂ ಇಟ್ಟಿಲ್ಲ ಅಕ್ಕ."

"ಅಲ್ಲೇ ಇರೋದು ನೋಡು. ಐದು ವರ್ಷ ದುಡಿದ ಹಿರಿಯರನ್ನ ಬಿಟ್ಟು ನಿನ್ನೆ ಬಂದವನಿಗೆ ಮರ್ಯಾದೆ ಮಾಡಿದ್ರೆ ಯಾರಿಗೆ ಸಿಟ್ಟು ಬರಲ್ಲ?"

ಪೊಟ್ಟಣವೆಂದರೆ ತೆಂಗಿನ ರುಚಿಯ ಜೋಳದ ಕುರುಕಲು. ಅದು ಹತ್ತಿರವಿದ್ದರೆ ಯಂತ್ರ ಹಟ ಮಾಡುವುದಿಲ್ಲ ಎಂಬುದು ಅಲ್ಲಿನ ಎಂಜಿನಿಯರುಗಳ ನಂಬಿಕೆ. ಹಸಿರು ಬಣ್ಣದ್ದೇ ಆಗಬೇಕು, ತಾರೀಕು ಮೀರಿರಬಾರದು, ಯಾರೂ ತಿನ್ನಬಾರದು. ಹಳೇ ಸರ್ವರ್‌ನ ನೆತ್ತಿಯ ಮೇಲೆ ಇನ್ನೊಂದು ಸರ್ವರ್ ಕೂತಿದ್ದರಿಂದ ಲಿಹ್ವಾ ಅಕ್ಕ ಪೊಟ್ಟಣವನ್ನು ಅದರ ಮುಂದೆ ನೆಟ್ಟಗೆ ನಿಲ್ಲಿಸಿದಳು. ವೆನ್‌ಯೋ ಎರಡನ್ನೂ ಮತ್ತೆ ಓಡಿಸಿದ. ಅಂಕಿ ಮೂವತ್ತೊಂದು.

"ಹಿರಿಯರ ಆಶೀರ್ವಾದ ಅಂದ್ರೆ ಸುಮ್ನೇನಾ?" ಎಂದಳು ಲಿಹ್ವಾ ಅಕ್ಕ.

ಸುದ್ದಿ ಹರಡಲು ಹತ್ತು ನಿಮಿಷ ಸಾಕಾಯಿತು. ಮದರ್‌ಬೋರ್ಡ್ ವಿಭಾಗದವರು ಎರಡು ಪೊಟ್ಟಣ ತಂದರು, ಪ್ಯಾಕಿಂಗ್‌ನವರು ಇನ್ನೆರಡು. ಖೋ ಸಾಹೇಬರೇ ಕನ್ನಡಕ ಏರಿಸಿ ತಾರೀಕು ಓದಿ ಎರಡನ್ನು ಸೇರಿಸಿದರು. ಒಂದು ಗಂಟೆಯ ಹೊತ್ತಿಗೆ ಏಳು ಪೊಟ್ಟಣ, ಅಂಕಿ ಎಪ್ಪತ್ತನಾಲ್ಕು.

"ಪ್ರಿಂಟ್ ತೆಗಿ," ಎಂದರು ಖೋ.

"ಒಂದ್ಸಲ ಒಳಗಿನ ಅಂಕಿಗಳನ್ನ ನೋಡ್ಬಿಡ್ತೀನಿ ಸಾರ್."

"ಮನೆಗೆ ಬಂದ ಲಕ್ಷ್ಮೀನ ಯಾಕಯ್ಯಾ ತಡೆದು ನಿಲ್ಲಿಸ್ತೀಯ?"

ವೆನ್‌ಯೋನ ಬಗ್ಗೆ ಗೌರವ ಹುಟ್ಟುವುದು ಇಲ್ಲೇ. ಬೇಕಾದ ಉತ್ತರ ಕೈಗೆ ಬಂದ ಮೇಲೂ ಅನುಮಾನಪಡುವವರು ಲೋಕದಲ್ಲಿ ಕಡಿಮೆ. ಅವನು ತೆಗೆದು ನೋಡಿದ. ಹೊಸ ಸರ್ವರ್ ಬೆಳಗ್ಗಿನಿಂದ ಒಂದು ಕೂದಲೆಳೆಯೂ ಮೇಲೇರಿರಲಿಲ್ಲ. ಹಳೆಯದು ಮಾತ್ರ ಪ್ರತಿ ಸಲವೂ ಕುಸಿದಿತ್ತು. ಬಗ್ಗಿ ನೋಡಿದರೆ ಏಳು ಪೊಟ್ಟಣಗಳೂ ಫ್ಯಾನಿನ ಸೆಳೆತಕ್ಕೆ ಗಾಳಿ ಹೋಗುವ ಜಾಲರಿಗೆ ಕಚ್ಚಿಕೊಂಡಿದ್ದವು. ಹಿರಿಯರು ಆಶೀರ್ವಾದ ಮಾಡುತ್ತಿರಲಿಲ್ಲ, ಉಸಿರುಕಟ್ಟಿ ಒದ್ದಾಡುತ್ತಿದ್ದರು.

"ಅದು ಹಾಗೇ ಇರ್ಲಿ ಬಿಡು," ಎಂದರು ಖೋ ಮೆಲ್ಲಗೆ.

"ಪಕ್ಕದವನ ಮೂಗು ಹಿಡ್ಕೊಂಡು ನಾನು ಓಟ ಗೆದ್ದೆ ಅನ್ನಕ್ಕಾಗಲ್ಲ ಸಾರ್."

ಉಳಿದಿದ್ದು ಎರಡೇ ಗಂಟೆ. ಹೊಸ ಸರ್ವರ್‌ನ ಒಂದೊಂದೇ ಸೆಟ್ಟಿಂಗ್ ತಡಕುತ್ತಾ ಹೋದಾಗ ಕಳ್ಳ ಸಿಕ್ಕಿಬಿದ್ದ. ವೇಗ ತಗ್ಗಿಸಿ ಕರೆಂಟ್ ಉಳಿಸುವ ಸೆಟ್ಟಿಂಗ್ ಹಾಗೇ ಉಳಿದುಬಿಟ್ಟಿತ್ತು. ಅದನ್ನು ತೆಗೆದ. ಹೊಸದಕ್ಕೆ ಮಾಡಿದ ಉಪಚಾರ ಹಳೆಯದಕ್ಕೂ ಸಲ್ಲಬೇಕಲ್ಲ, ಪೊಟ್ಟಣಗಳನ್ನು ತೆಗೆದು ಅದನ್ನು ಬಿಚ್ಚಿ ಧೂಳು ಊದಿದ, ಪ್ರೊಸೆಸರ್ ಮೇಲೆ ಒಣಗಿ ಹಕ್ಕಳೆಗಟ್ಟಿದ್ದ, ಬಿಸಿ ಹೊರಹಾಕುವ ಪೇಸ್ಟ್ ಒರೆಸಿ ಹೊಸದು ಬಳಿದ. ಮೂರಕ್ಕೆ ಐದು ನಿಮಿಷವಿದ್ದಾಗ ಅಂಕಿ ಬಂತು. ನಲವತ್ತಮೂರು, ಅಪ್ಪಟ ನಲವತ್ತಮೂರು. ಹಳೆಯದು ಜೀವಮಾನದಲ್ಲೇ ಅತ್ಯಂತ ಚೆನ್ನಾಗಿ ಓಡಿದ ದಿನವೇ ಅಂಗೈಯಗಲದ ಆ ಹೊಸ ಪ್ರೊಸೆಸರ್ ಅದನ್ನು ಹಿಂದೆ ಹಾಕಿತ್ತು. ವೆನ್‌ಯೋನ ಕಣ್ಣು ತುಂಬಿಬಂತು.

ಕಾನ್ ಮೇಡಂ ಬಂದು ಹಾಳೆಯನ್ನು ಎರಡು ಸಲ ಓದಿದರು.

"ಹೊಸದು ನಿಜಕ್ಕೂ ಭೇಷ್," ಎಂದರು. ಆಮೇಲೆ ಅವರ ಬೆರಳು ಹಳೆಯದರ ಅಂಕಿಯ ಮೇಲೆ ನಿಂತಿತು. "ಇದೇ ಹಳೇ ಸರ್ವರ್ ನಮ್ಮ ಹತ್ರ ಎಂಟುನೂರಿವೆ. ಒಂದೂ ಇಷ್ಟು ಓಡಲ್ಲ. ಇದಕ್ಕೇನು ಮಾಡಿದ್ರಿ?"

ಖೋ ಅವನ ಕಾಲು ತುಳಿದರು. ಅಷ್ಟರಲ್ಲಿ ವೆನ್‌ಯೋ ಇಡೀ ಕೋಣೆಗೆ ಕೇಳುವಂತೆ ಧೂಳು, ಪೇಸ್ಟ್, ಎಲ್ಲವನ್ನೂ ಹೆಮ್ಮೆಯಿಂದ ವಿವರಿಸಿಯಾಗಿತ್ತು.

"ಹಾಗಾದ್ರೆ ಹೊಸದನ್ನ ಇನ್ನೆರಡು ವರ್ಷ ಬಿಟ್ಟು ನೋಡೋಣ," ಎಂದರು ಮೇಡಂ. "ಹಳೇ ಯಂತ್ರಕ್ಕೂ ಇಷ್ಟು ನ್ಯಾಯ ಮಾಡೋ ಎಂಜಿನಿಯರನ್ನ ನಾನೆಲ್ಲೂ ಕಂಡಿಲ್ಲ. ಖೋ ಅವರೇ, ಇವರನ್ನ ನಮಗೆ ಒಂದು ವರ್ಷ ಕಳಿಸಿಕೊಡಿ. ಎಂಟುನೂರಕ್ಕೂ ಇವರ ಕೈಯೇ ಬೀಳಲಿ."

ಆರ್ಡರ್ ಕಳೆದುಕೊಂಡ ಖೋ, ಗಿರಾಕಿಯನ್ನಾದರೂ ಉಳಿಸಿಕೊಳ್ಳಲು ಆ ಕ್ಷಣವೇ ಒಪ್ಪಿದರು.

ಅರ್ಧ ಗಂಟೆ ಬಿಟ್ಟು ಪೈಜೂ ಫೋನ್ ಮಾಡಿದಳು.

"ವರ್ಗ ಆಯ್ತೇನ್ರೀ?"

"ಆಯ್ತು."

"ಅಬ್ಬ, ಸದ್ಯ. ಸದ್ದು ಹೇಗಿದೆಯಂತೆ ಅಲ್ಲಿ?"

"ಇಲ್ಲಿ ನೂರು ಸರ್ವರ್ ಇದ್ವು," ಎಂದು ವೆನ್‌ಯೋ ಕೂಗಿ ಹೇಳಿದ. "ಅಲ್ಲಿ ಎಂಟುನೂರಿವೆ."